ತಿರುವಿನಲ್ಲಿ ಕೇಳುತ್ತಿದ್ದ ಜೀಪು

ಡೀಸೆಲ್‌ನಲ್ಲಿ ನೆನೆಸಿಟ್ಟ ಕಬ್ಬಿಣಕ್ಕೆ ಒಂದು ವಾಸನೆಯಿದೆ. ಸುಟ್ಟ ಎಣ್ಣೆ, ತುಕ್ಕು, ಹಳೆಯ ಗೋಣಿಚೀಲ ಎಲ್ಲ ಬೆರೆತದ್ದು. ಯಾವುದೋ ಊರಿನ ಗ್ಯಾರೇಜಿನ ಮುಂದೆ ಹಾದುಹೋಗುವಾಗ ಅದು ಮೂಗಿಗೆ ಬಡಿದರೆ ಸಾಕು, ನಾನು ಬಾಳೂರಿನ ಚಿಕ್ಕಪ್ಪನ ಮನೆಯ ಶೆಡ್ಡಿನಲ್ಲಿ ಕುಕ್ಕರಗಾಲಿನಲ್ಲಿ ಕೂತಿರುತ್ತೇನೆ. ಎದುರಿಗೆ ಚಿಕ್ಕಮ್ಮ. ಸೀರೆಯ ಮೇಲೆ ಚಿಕ್ಕಪ್ಪನ ಖಾಕಿ ಅಂಗಿ ತೊಟ್ಟು, ಮೊಣಕೈವರೆಗೆ ಕಪ್ಪಾದ ಕೈಯಲ್ಲಿ ಪಿಸ್ಟನ್ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಿರುತ್ತಾರೆ. ಆ ಮನೆ ಈಗಿಲ್ಲ. ತೋಟ ಕೈಬದಲಾಗಿ, ಮನೆಯಿದ್ದಲ್ಲಿ ಯಾರದೋ ಹೋಂಸ್ಟೇ ಎದ್ದಿದೆ. ನಿಮ್ಮ ಬಾಲ್ಯದ ಮನೆಯೂ ಹೀಗೇ ಹೋಗಿದ್ದರೆ ಮುಂದಿನದನ್ನು ನಂಬುತ್ತೀರಿ. ಹೋಗಿರದಿದ್ದರೂ ಕೇಳಿ.

ತೊಂಬತ್ತರ ದಶಕದ ಮಾತು. ಅಪ್ಪ ಅಮ್ಮ ಇಬ್ಬರಿಗೂ ವರ್ಗಾವಣೆಯ ನೌಕರಿ. ಹಾಗಾಗಿ ನಾನು ಬೆಳೆದದ್ದು ಮಕ್ಕಳಿಲ್ಲದ ಚಿಕ್ಕಪ್ಪ ಚಿಕ್ಕಮ್ಮನ ಹತ್ತಿರ. ಚಿಕ್ಕಪ್ಪನಿಗೆ ಸಣ್ಣದೊಂದು ಕಾಫಿ ತೋಟ, ಹಳೆಯದೊಂದು ಡೀಸೆಲ್ ಜೀಪು. ಮನೆಗೆ ಏರಿ ಬರುವ ದಾರಿಯಲ್ಲಿ, ಹಳ್ಳದ ಪಕ್ಕ, ಕಡಿದಾದ ತಿರುವಿತ್ತು. ಅಲ್ಲಿ ಗೇರು ಬದಲಿಸುವಾಗ ಜೀಪು ಒಮ್ಮೆ ಕೆಮ್ಮಿ, ಉಸಿರು ಹಿಡಿದು, ಆಮೇಲೆ ಗುಡುಗುತ್ತ ಏರುತ್ತಿತ್ತು. ಆ ಕೆಮ್ಮು ಕೇಳಿದ ಕೂಡಲೇ ಚಿಕ್ಕಮ್ಮ ಕಾಫಿಗೆ ನೀರಿಡುತ್ತಿದ್ದರು. ಒಂದು ಸಂಜೆ ದಟ್ಟ ಮಂಜಿನಲ್ಲಿ ಇಂಜಿನ್ ಕಾದು, ಹಿಡಿದುಕೊಂಡು, ಜೀಪು ಆ ತಿರುವಿನಲ್ಲೇ ನಿಂತಿತು. ನೀರು ತರಲು ಹಳ್ಳಕ್ಕಿಳಿದ ಚಿಕ್ಕಪ್ಪ ಪಾಚಿಯ ಮೇಲೆ ಜಾರಿ, ಬಂಡೆಗೆ ತಲೆ ಬಡಿದು, ಅಲ್ಲೇ ಹೋದರು. ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದು ಶೆಡ್ಡಿಗೆ ಹಾಕಿದರು.

ತಿಥಿಯೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ, ಮಂಜು ಇಳಿಯುತ್ತಿದ್ದ ಒಂದು ಸಂಜೆ, ತಿರುವಿನಲ್ಲಿ ಜೀಪಿನ ಸದ್ದು ಕೇಳಿತು. ಅದೇ ಕೆಮ್ಮು, ಅದೇ ಉಸಿರು ಹಿಡಿಯುವಿಕೆ. ಮನೆಯ ನಾಯಿ ಬಾಲ ಅಲ್ಲಾಡಿಸುತ್ತ ಗೇಟಿಗೆ ಓಡಿತು. ಸದ್ದು ಏರುತ್ತ ಏರುತ್ತ ಬಂದು, ಇನ್ನೇನು ಗೇಟು ಮುಟ್ಟಿತು ಎನ್ನುವಾಗ ಇಲ್ಲವಾಯಿತು. ಅಂಗಳದಲ್ಲಿದ್ದ ತೋಟದ ಲೆಕ್ಕ ಬರೆಯುವ ರೈಟರ್ ಲೋಕಪ್ಪನವರು, “ಅಮ್ಮಾವ್ರೆ, ಅದು ನಮ್ಮ ಜೀಪಿನ ಸೌಂಡೇ ಅಲ್ವಾ?” ಎಂದವರು ಶೆಡ್ಡಿನ ಕಡೆ ನೋಡಿದರು. ಜೀಪು ಅಲ್ಲೇ ಇತ್ತು. ಆಮೇಲೆ ಮಂಜು ಬಿದ್ದ ಸಂಜೆಗಳಲ್ಲೆಲ್ಲ ಅದು ಬರುತ್ತಿತ್ತು. ಚಿಕ್ಕಮ್ಮ ಎದ್ದು ಒಳಗೆ ಹೋಗಿ ನೀರಿಡುತ್ತಿದ್ದರು, ಅಷ್ಟೆ. ಆ ಕಾಫಿಯನ್ನು ನಾನು ಕುಡಿಯುತ್ತಿದ್ದೆ.

ನನ್ನ ಮೊದಲ ಪಿಯುಸಿ ಮುಗಿದ ಬೇಸಿಗೆಯಲ್ಲಿ ಲೋಕಪ್ಪನವರು ಜೀಪನ್ನು ಗುಜರಿಗೆ ಹಾಕುವ ಮಾತೆತ್ತಿದರು. ಮರುದಿನ ಬೆಳಿಗ್ಗೆ ನೋಡಿದರೆ ಚಿಕ್ಕಮ್ಮ ಬಾನೆಟ್ ಎತ್ತಿ ನಿಂತಿದ್ದರು.

“ಇಂಜಿನ್ ಬಿಚ್ಚೋಣ ಕಣೆ.”

“ನಿಮಗೆ ಬರುತ್ತಾ ಚಿಕ್ಕಮ್ಮ?”

“ಎಲ್ಲಿ ಬರುತ್ತೆ! ಜೀಪಿನ ಜೊತೆ ಕೊಟ್ಟ ಇಂಗ್ಲಿಷ್ ಪುಸ್ತಕ ಇದೆಯಲ್ಲ, ನೀನು ಓದಿ ಹೇಳು, ನಾನು ಬಿಚ್ತೀನಿ. ಅವತ್ತು ಅದು ಯಾಕೆ ನಿಂತ್ಕೊಳ್ತು ಅಂತ ನಂಗೆ ನೋಡ್ಬೇಕು ಮಾರಾಯ್ತಿ.”

ಹಾಗೆ ಶುರುವಾಯಿತು. ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಕ್ರಮದಲ್ಲೇ ಗೋಣಿಚೀಲದ ಮೇಲೆ ಸಾಲಾಗಿ ಇಡುತ್ತ ಹೋದೆವು. ಕೈ ತರಚಿತು, ಒಂದು ಬೋಲ್ಟು ಮುರಿಯಿತು, ಪುಸ್ತಕದ ಅರ್ಧ ಮಾತುಗಳು ನನಗೂ ತಿಳಿಯುತ್ತಿರಲಿಲ್ಲ. ಇಂಜಿನ್ನಿನ ಮೇಲ್ಮುಚ್ಚಳ, ಹೆಡ್, ಎತ್ತಿದಾಗ ಒಂದು ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಕೂತಿತ್ತು. ಅದರ ಮೇಲೆ ಡೀಸೆಲ್ ಸುರಿದು ಹಲವು ದಿನ ಕಾದೆವು. ಕೊನೆಗೆ ತೋಟದ ಸಿಲ್ವರ್ ಓಕ್ ಮರದ ತುಂಡಿಟ್ಟು ಮೆಲ್ಲಗೆ ಬಡಿಯುತ್ತ ಬಡಿಯುತ್ತ ಸಡಿಲಿಸಿ ಹೊರಗೆ ತೆಗೆದೆವು. ಕಾರಣವೂ ಸಿಕ್ಕಿತು. ರೇಡಿಯೇಟರಿನಿಂದ ಬರುವ ರಬ್ಬರ್ ಪೈಪಿನ ಅಡಿಭಾಗದಲ್ಲಿ, ಮೇಲಿನಿಂದ ಕಾಣದ ಹಾಗೆ, ಉಗುರಿನಷ್ಟು ಉದ್ದದ ಬಿರುಕು. ನೀರೆಲ್ಲ ಅದರಲ್ಲೇ ಸೋರಿಹೋಗಿ ಇಂಜಿನ್ ಕಾದಿತ್ತು. ಚಿಕ್ಕಮ್ಮ ಅದನ್ನು ಬೆರಳಿನಿಂದ ಸವರುತ್ತ ತುಂಬ ಹೊತ್ತು ಕೂತಿದ್ದರು. “ಇಷ್ಟಕ್ಕೆ,” ಎಂದರು.

ಆ ಸಂಜೆ ಬೇಸಿಗೆಯಾದರೂ ಮಂಜು ಇಳಿಯಿತು. ಶೆಡ್ಡಿನೊಳಗೂ ನುಗ್ಗಿ, ಸಾಲಾಗಿಟ್ಟಿದ್ದ ಕಬ್ಬಿಣದ ಮೇಲೆಲ್ಲ ತೇವ ಕೂರಿಸಿತು. ಆಗ ತಿರುವಿನಲ್ಲಿ ಜೀಪು ಕೆಮ್ಮಿತು. ಯಾವ ಇಂಜಿನ್ ಅಲ್ಲಿ ಏರಿ ಬರುತ್ತಿತ್ತೋ ಅದೇ ಇಂಜಿನ್ ತುಂಡುತುಂಡಾಗಿ ನನ್ನ ಮುಂದೆ ಹರಡಿತ್ತು. ಅದರ ಪಿಸ್ಟನ್ ನನ್ನ ಮಡಿಲಲ್ಲಿತ್ತು. ಮುಟ್ಟಿದರೆ ಬೆಚ್ಚಗಿತ್ತು. ನನ್ನ ಕೈಯ ಬಿಸಿಯೇ ಇದ್ದೀತು ಎಂದು ಈಗ ಅಂದುಕೊಳ್ಳುತ್ತೇನೆ. ಆಗ ಮಾತ್ರ ಅದನ್ನು ಸರಕ್ಕನೆ ಗೋಣಿಚೀಲದ ಮೇಲಿಟ್ಟುಬಿಟ್ಟೆ. ಚಿಕ್ಕಮ್ಮ ಅವತ್ತು ನೀರಿಡಲು ಏಳಲಿಲ್ಲ. ಕೂತಲ್ಲಿಂದಲೇ ಮಂಜಿನ ಕಡೆ ತಿರುಗಿ, ಊಟಕ್ಕೆ ಕರೆದವರಿಗೆ ಹೇಳುವಷ್ಟು ಸಹಜವಾಗಿ, “ಸ್ವಲ್ಪ ತಡೀರಿ. ಇನ್ನೂ ಆಗಿಲ್ಲ,” ಎಂದರು.

ಇಂಜಿನ್ನಿನ ಬ್ಲಾಕನ್ನು ಚಿಕ್ಕಮಗಳೂರಿಗೆ ಕಳಿಸಿ, ಗೀರು ಬಿದ್ದ ಸಿಲಿಂಡರನ್ನು ಕೊರೆದು ನುಣುಪಾಗಿಸುವ ಬೋರ್ ಕೆಲಸ ಮಾಡಿಸಿದೆವು. ಹೊಸ ಪಿಸ್ಟನ್, ಹೊಸ ರಿಂಗ್, ಹೊಸ ಪೈಪು ಬಂದವು. ಜೋಡಿಸುವಾಗ ನಾನು ರಿಂಗುಗಳನ್ನು ತಲೆಕೆಳಗು ಹಾಕಿಸಿ, ಎಲ್ಲವನ್ನೂ ಮತ್ತೆ ಬಿಚ್ಚಬೇಕಾಯಿತು. ಚಿಕ್ಕಮ್ಮ ಬೈಯಲಿಲ್ಲ, ಅವಸರವನ್ನೂ ಮಾಡಲಿಲ್ಲ. ಮಳೆಗಾಲ ಹಿಡಿಯುವ ಮುಂಚೆ, ಡೀಸೆಲ್ ಪೈಪಿನ ಗಾಳಿ ತೆಗೆದು ಕೀಲಿ ತಿರುಗಿಸಿದಾಗ, ಬಿಳಿ ಹೊಗೆ ಕಕ್ಕಿ ಇಂಜಿನ್ ಸ್ಟಾರ್ಟ್ ಆಗೇಬಿಟ್ಟಿತು. ನಾನು ಕೂಗುತ್ತ ಕುಣಿದೆ. ನಾಯಿ ಮಾತ್ರ ಗುರುಗುಟ್ಟಿತು, ಅದಕ್ಕೆ ಈ ಸದ್ದಿನ ಗುರುತೇ ಹತ್ತಲಿಲ್ಲ.

ಚಿಕ್ಕಪ್ಪ ಕಲಿಸಿದ್ದ ಅಷ್ಟಿಷ್ಟು ಡ್ರೈವಿಂಗಿನಲ್ಲಿ ಚಿಕ್ಕಮ್ಮ ಜೀಪನ್ನು ತಿರುವಿನವರೆಗೆ ಇಳಿಸಿದರು. ಮುಂದೆ ಕೂರಲು ಹೋದ ನನ್ನನ್ನು, “ನೀನು ಹಿಂದೆ ಕೂತ್ಕೊ,” ಎಂದಿದ್ದರು. ಹಳ್ಳದ ಪಕ್ಕ ಜೀಪು ತಿರುಗಿಸಿ, ಇಂಜಿನ್ ಆರಿಸದೆ, ಒಂದು ಗಳಿಗೆ ನಿಲ್ಲಿಸಿದರು. ಯಾರಾದರೂ ಹತ್ತಿ ಕೂರುವಷ್ಟು ಹೊತ್ತು. ಆಮೇಲೆ ಗೇರು ಹಾಕಿದರು. ಜೀಪು ಕೆಮ್ಮದೆ ಏರಿತು. ಮನೆ ಮುಟ್ಟುವವರೆಗೂ ನಾನು ಆ ಖಾಲಿ ಸೀಟಿನ ಕಡೆ ನೋಡಲಿಲ್ಲ. ಅಂಗಳದಲ್ಲಿ ನಿಲ್ಲಿಸಿ, ಕೀಲಿ ತೆಗೆದು, “ಬಂತು ನೋಡಿ ಮನೆ,” ಎಂದರು ಚಿಕ್ಕಮ್ಮ. ನನ್ನನ್ನು ಅವರು ಯಾವತ್ತೂ ಬಹುವಚನದಲ್ಲಿ ಮಾತಾಡಿಸಿದವರಲ್ಲ.

ಅದಾದ ಮೇಲೆ ತಿರುವಿನಲ್ಲಿ ಸದ್ದು ಕೇಳಲಿಲ್ಲ. ಆ ವರ್ಷವೂ ಮಂಜು ಬಿತ್ತು, ಮರುವರ್ಷವೂ ಬಿತ್ತು. ಸಂಜೆಯಾದರೆ ಚಿಕ್ಕಮ್ಮ ಪಾತ್ರೆ ಹಿಡಿದು ಒಲೆಯ ಮುಂದೆ ನಿಂತು, ಸ್ವಲ್ಪ ಹೊತ್ತು ಕಿವಿಗೊಟ್ಟು, ಪಾತ್ರೆಯನ್ನು ಹಾಗೇ ಕೆಳಗಿಡುವುದನ್ನು ನಾನು ನೋಡಿದ್ದೇನೆ. ಕೆಲವು ವರ್ಷಗಳಲ್ಲಿ ತೋಟ ಮಾರಿ ವಸ್ತಾರೆಯಲ್ಲಿದ್ದ ತಂಗಿಯ ಮನೆಗೆ ಹೋದರು. ಅಲ್ಲಿಯೇ ತೀರಿಕೊಂಡರು.

ತೀರಿಕೊಳ್ಳುವ ಮುಂಚಿನ ಬೇಸಿಗೆಯಲ್ಲಿ ನೋಡಲು ಹೋಗಿದ್ದೆ. ಜಗಲಿಯ ಬಿಸಿಲಿನಲ್ಲಿ ಕೂತು ಹಳೆಯದನ್ನೆಲ್ಲ ಮಾತಾಡಿ ನಕ್ಕೆವು. ನಾನು ಧೈರ್ಯ ಮಾಡಿ, “ಚಿಕ್ಕಪ್ಪನ್ನ ಮನೆ ಮುಟ್ಟಿಸಿದಿರಲ್ಲ, ಸಮಾಧಾನ ಆಯ್ತಾ ಚಿಕ್ಕಮ್ಮ?” ಎಂದು ಕೇಳಿದೆ.

ಅವರು ನನ್ನ ಕೈಯನ್ನು ತಮ್ಮ ಕೈಯೊಳಗೆ ಇಟ್ಟುಕೊಂಡರು.

“ಒಂದೊಂದ್ಸಲ ಅನ್ಸುತ್ತೆ ಕಣೆ, ಬಿಚ್ಚಬಾರದಿತ್ತು ಅಂತ. ಮುಟ್ಟದಿದ್ರೆ ಎಂಥಾಗ್ತಿತ್ತು? ಮಂಜು ಬಿದ್ದಾಗೆಲ್ಲ ಬರ್ತಾ ಇದ್ರಲ್ಲ.”