ಬಂಡೆಗೆ ಮೂರು ಬಡಿತ

ಕಾಪುವಿನ ಕಡಲು ನೋಡಲು ಈಗ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನಮ್ಮ ಕಾಲದಲ್ಲಿ ಹಾಗೆ ಬಂದವರನ್ನು ಕಂಡರೆ ನಮಗೆ ನಗು. ಕೆಲಸವಿಲ್ಲದೆ ಮರಳಿನ ಮೇಲೆ ಕೂತು ನೀರು ನೋಡುವುದೆಂದರೆ ಎಂಥದ್ದು! ಅರವತ್ತರ ದಶಕದ ಆರಂಭದಲ್ಲಿ ಮಣಿಪಾಲದಲ್ಲಿ ಓದುವ ಹುಡುಗರು ಭಾನುವಾರದ ಬಸ್ಸು ಹಿಡಿದು ಬರತೊಡಗಿದ್ದರು.

ದೀಪಸ್ತಂಭದ ಹತ್ತಿರ ನನ್ನ ಅಣ್ಣ ಮುಳುಗಿ ಪಚ್ಚಿಲೆ ಕೀಳುತ್ತಿದ್ದ. ಬಂಡೆಗೆ ಕಚ್ಚಿಕೊಂಡು ಬೆಳೆಯುವ ಹಸಿರು ಚಿಪ್ಪು ಅದು. ಅದರೊಳಗಿನ ಮಾಂಸಕ್ಕೆ ತೆಂಗಿನತುರಿ ಹಾಕಿ ಸುಕ್ಕ ಮಾಡಿದ ದಿನ ನಮ್ಮ ಮನೆಯಲ್ಲಿ ಜಗಳವೇ ಇಲ್ಲ. ನನ್ನ ಕೆಲಸ ಬಂಡೆಯ ಮೇಲೆ ಕೂತು ಅಲೆ ಕಾಯುವುದು. ದೊಡ್ಡ ಅಲೆ ಕಂಡರೆ ಕಲ್ಲು ಹಿಡಿದ ಕೈಯನ್ನು ನೀರಿಗಿಳಿಸಿ ಬಂಡೆಗೆ ಮೂರು ಸಲ ಬಡಿಯಬೇಕು. ನೀರಿನೊಳಗೆ ಆ ಸದ್ದು ಚೆನ್ನಾಗಿ ಕೇಳುತ್ತದೆ. ಮೂರು ಬಡಿತವೆಂದರೆ, ಮೇಲೆ ಬರಬೇಡ, ಬಂಡೆ ಹಿಡಿದು ಅಲ್ಲೇ ಇರು. ಮುಳುಗುವವರಿಗೆಲ್ಲ ಅದು ಗೊತ್ತಿರುತ್ತದೆಂದೇ ನಾನು ತಿಳಿದಿದ್ದೆ. ನನಗಾಗ ಇಪ್ಪತ್ತೆರಡು, ಅಷ್ಟೂ ಬುದ್ಧಿ ಬೇಡವೇ?

ಒಂದು ಭಾನುವಾರ ಬಂದ ಹುಡುಗರಲ್ಲಿ ಒಬ್ಬ ಮೈಸೂರು ಕಡೆಯವನು. ಅವನ ಬಳಿ ನೀರಿನೊಳಗೆ ನೋಡುವ, ರಬ್ಬರು ಪಟ್ಟಿಯ ಕನ್ನಡಕವಿತ್ತು. ಮೊದಲು ಅಣ್ಣನಿಗೇ ಹಾಕಿಸಿದ. ಅಷ್ಟು ವರ್ಷ ಕೈಯಲ್ಲಿ ತಡಕಿಯೇ ಪಚ್ಚಿಲೆ ಕಿತ್ತ ಅಣ್ಣ ಮುಳುಗೆದ್ದು, "ಎಲ್ಲ ಕಾಣ್ತದೆ ಮಾರಾಯ್ತಿ! ಮೀನಿನ ಕಣ್ಣು ಸಹ ಕಾಣ್ತದೆ!" ಎಂದ. ಅಂಥ ಖುಷಿ ಅವನ ಮದುವೆಯ ದಿನವೂ ಅವನ ಮುಖದಲ್ಲಿ ಇರಲಿಲ್ಲ.

ಆಮೇಲೆ ಹುಡುಗ ಇಳಿದ. ಈಜು ಬಲ್ಲವನೇ, ಆದರೆ ಕೆರೆಯ ಈಜು. "ಇವರನ್ನು ನೋಡಿಕೋ" ಎಂದು ನನಗೆ ಹೇಳಿ ಅಣ್ಣ ಪಚ್ಚಿಲೆಯ ಚೀಲ ಹೊತ್ತು ದಡಕ್ಕೆ ಹೋದ.

ಹುಡುಗ ಎರಡು ಸಲ ಮುಳುಗೆದ್ದು ನನಗೆ ಕೈಬೀಸಿದ. ಮೂರನೆಯ ಸಲ ಅವನು ಕೆಳಗಿದ್ದಾಗ ಪಡುವಣದಲ್ಲಿ ದೊಡ್ಡ ಅಲೆ ಎದ್ದಿತು. ನಾನು ಮೂರು ಸಲ ಬಡಿದೆ. ಮತ್ತೆ ಬಡಿದೆ. ಅವನು ಮೇಲೆ ಬಂದ. ಯಾಕೆ ಕರೆದಿರಿ ಎಂದು ಕೇಳುವ ಹಾಗೆ ನನ್ನತ್ತ ತಲೆ ಎತ್ತಿದ. ಅಲೆ ಅವನನ್ನು ಎತ್ತಿ ಬಂಡೆಗೆ ಹೊಡೆಯಿತು.

ಅಣ್ಣ ದಡದಿಂದ ಓಡಿ ಬಂದು, ನೀರಿಗೆ ಹಾರಿ ಎಳೆದು ತರುವಾಗ ಜೀವ ಇರಲಿಲ್ಲ.

"ನೀನು ಬಡಿದದ್ದು ಹೌದಾ?" ಅಣ್ಣ ಕೇಳಿದ.

"ಬಡಿದೆ. ಎರಡೆರಡು ಸಲ ಬಡಿದೆ."

"ಅವರಿಗೆ ಹೇಳಿದ್ದೆಯಾ, ಅದು ಎಂತ ಅಂತ?"

ನಾನು ಹೇಳಿರಲಿಲ್ಲ. ಅವನೂ ಹೇಳಿರಲಿಲ್ಲ. ಆ ವಿಷಯ ನಾವಿಬ್ಬರೂ ಮತ್ತೆ ಎತ್ತಲೇ ಇಲ್ಲ.

ತಿಂಗಳ ಮೇಲೆ ಆ ಹುಡುಗನ ತಾಯಿ ನಮ್ಮ ಮನೆ ಹುಡುಕಿಕೊಂಡು ಬಂದರು. ದಡದಲ್ಲಿದ್ದ ಸ್ನೇಹಿತರು ತಾವು ಕಂಡದ್ದನ್ನು ಅವರಿಗೆ ಹೇಳಿದ್ದರು. ಆಕೆ ನನ್ನ ಬಲಗೈಯನ್ನು ಕಣ್ಣಿಗೊತ್ತಿಕೊಂಡರು.

"ಕೊನೇವರೆಗೂ ನನ್ನ ಮಗನನ್ನ ಕರೀತಾನೇ ಇದ್ದೆಯಂತೆ ತಾಯಿ. ಅವನು ನಿನ್ನ ಕಡೆಗೇ ತಿರುಗಿದ್ದನಂತೆ. ನನಗೆ ಅಷ್ಟೇ ಸಮಾಧಾನ."

ಅದು ಕರೆದದ್ದಲ್ಲ, ಬರಬೇಡ ಎಂದದ್ದು ಅಂತ ಹೇಳಬೇಕಿತ್ತು. ಕಾಫಿ ಮಾಡಿ ಕೊಟ್ಟೆ, ಬಸ್ಸಿನವರೆಗೆ ಹೋಗಿ ಕಳಿಸಿ ಬಂದೆ.

ಮರುವರ್ಷ ಕಾರ್ಕಳದ ಸಂಬಂಧ ಬಂದಾಗ, ಕಡಲು ಕಾಣದ ಊರು ಎಂಬ ಒಂದೇ ಕಾರಣಕ್ಕೆ ಒಪ್ಪಿಕೊಂಡೆ. ಬಂದು ನೋಡಿದರೆ ಮನೆಯ ಹಿಂದೆಯೇ ಕಲ್ಲು ಒಡೆಯುವ ಕೋರೆ. ಬೆಳಗಿನಿಂದ ಬೈಗಿನವರೆಗೆ ಬಡಿತ. ಅಷ್ಟೊಂದು ಬಡಿತದ ನಡುವೆ ಯಾರದೋ ಸುತ್ತಿಗೆ ಮೂರು ಸಲ ಬಿದ್ದು ನಿಂತರೆ, ಮಾಡುತ್ತಿದ್ದ ಕೆಲಸ ಕೈಯಲ್ಲೇ ಉಳಿಯುತ್ತದೆ. ಆ ಹುಡುಗನ ಹಾಗೆಯೇ ನಾನೂ ತಲೆ ಎತ್ತುತ್ತೇನೆ.