ಪೆರಿನ್ ಬರೆದ ಏಳು ತಲೆಯ ಹಾವು

ಪೆರಿನ್ ಗೋತ್ರೆಲೆ ಪ್ಯಾರಿಸ್ಸಿನಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದಳು. ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಗಂಡ ಸತ್ತ ಮೇಲೆ ಚಿತ್ರಕಾರ ವೋದ್ರೆಯವರಲ್ಲಿ ಬಣ್ಣ ಅರೆಯಲು ಸೇರಿಕೊಂಡಳು. ಅರೆಯುವ ಕೈ ಬರೆಯಲೂ ಬಲ್ಲದು ಎಂದು ಅವರಿಗೆ ಗೊತ್ತಾದದ್ದು ಜನ ದಂಗೆಯೆದ್ದು ರಾಜನ ತಲೆ ಕಡಿದ ವರ್ಷ.

ಹೊಸ ಸರ್ಕಾರದವರು ದೊಡ್ಡ ಚಿತ್ರ ಕೇಳಿದ್ದರು. ಗ್ರೀಕರ ಕಥೆಯ ವೀರ ಹರ್ಕ್ಯುಲಿಸ್ ಗದೆ ಎತ್ತಿ ಏಳು ತಲೆಯ ಹಾವನ್ನು ಬಡಿಯುತ್ತಿರಬೇಕು. ಹರ್ಕ್ಯುಲಿಸ್ ಎಂದರೆ ಜನ, ಹಾವೆಂದರೆ ರಾಜರು. ವೀರನ ಮೈಕಟ್ಟು ವೋದ್ರೆ ಬರೆದರು, ಹಾವು ಪೆರಿನ್ ಪಾಲಿಗೆ ಬಂತು. ಅವಳು ಮೀನುಪೇಟೆಯಲ್ಲಿ ಬುಟ್ಟಿಯೊಳಗೆ ಹೊರಳುವ ಹಾವುಮೀನುಗಳನ್ನು ನೋಡಿಕೊಂಡು ಬಂದು ಏಳು ತಲೆ ಬರೆದಳು, ಏಳಕ್ಕೂ ಕಿರೀಟ ಇಟ್ಟಳು.

ಬಣ್ಣ ಒಣಗುವಷ್ಟರಲ್ಲಿ ಆ ಸರ್ಕಾರ ಬಿತ್ತು. ಬಂದವರು, ಹಾವೆಂದರೆ ರಾಜರಲ್ಲ, ಬೀದಿಯ ಪುಂಡರು ಎಂದರು. ಪೆರಿನ್ ಕಿರೀಟಗಳನ್ನು ಕೆರೆದು ದಂಗೆಯವರು ಹಾಕುತ್ತಿದ್ದ ಕೆಂಪು ಟೋಪಿ ತೊಡಿಸಿದಳು. ಆಮೇಲೆ ಚಕ್ರವರ್ತಿ ಬಂದ. ಹಾವು ಪರದೇಶದ ರಾಜರಾಯಿತು, ಟೋಪಿ ಹೋಗಿ ಕಿರೀಟ ಬಂತು, ಹರ್ಕ್ಯುಲಿಸ್‌ಗೆ ಚಕ್ರವರ್ತಿಯ ಮೂಗು ಬಂತು. ಕೊನೆಗೆ ಚಕ್ರವರ್ತಿಯನ್ನೂ ದ್ವೀಪಕ್ಕೆ ಅಟ್ಟಿ ಹಳೆಯ ರಾಜನ ತಮ್ಮ ಬಂದು ಕೂತ. ಮತ್ತೆ ಕೆರೆಯಿರಿ ಎಂದು ಅಪ್ಪಣೆಯಾಯಿತು.

ಅಷ್ಟರಲ್ಲಿ ಪೆರಿನ್‌ಳ ಬಲಭುಜ ಸೋತು ಕೈ ಮೇಲಕ್ಕೇಳುತ್ತಿರಲಿಲ್ಲ. ತಲೆ ಬಾಚಲು ನನ್ನನ್ನೇ ಕರೆಯುತ್ತಿದ್ದಳು.

"ಒಂದು ತಲೆ ಕಡಿದ್ರೆ ಎರಡು ಹುಟ್ಟುತ್ತಂತಲ್ಲ ಅಕ್ಕ, ಆ ಹಾವಿಗೆ?" ಎಂದೆ.

"ಹುಟ್ಟೋದು ಅದಕ್ಕೆ, ಬರಿಯೋ ಕರ್ಮ ನಂದು. ಮೆಲ್ಲಗೆ ಬಾಚೇ, ನಂಗಿರೋದು ಒಂದೇ ತಲೆ."

ಅವಳನ್ನು ಏಣಿ ಹತ್ತಿಸಲು ನಾನೂ ಜೊತೆಗೆ ಹೋದೆ. ವೋದ್ರೆ ತಮ್ಮ ಕುಂಚವನ್ನು ಅವಳ ಕಡೆ ಚಾಚಿದರು. "ಮುಖಾನೂ ನೀನೇ ಬರೆದುಬಿಡಮ್ಮ. ಈ ಕೈ ನನ್ನ ಮಾತು ಕೇಳಲ್ಲ."

"ಯಾರ ಮುಖ ಯಜಮಾನ್ರೇ?"

"ಚಕ್ರವರ್ತೀದು ಬಿಟ್ಟು ಯಾರದಾದ್ರೂ ಆಗ್ಲಿ."

ಎಡಗೈಯಲ್ಲೇ ಬರೆದಳು, ಎಂಟು ದಿನ ಹಿಡಿಯಿತು. ನೀರು ಹೊರುವವನು ಆರನೇ ಮಹಡಿ ಹತ್ತಿ ಬಂದು, ಬಕೆಟ್ಟು ಇಳಿಸುವ ಮುಂಚೆ ಸುಮ್ಮನೆ ನಿಲ್ಲುತ್ತಾನಲ್ಲ, ಆ ಮುಖ ಬರೆದಳು. ಬಾಯಿ ತುಸು ತೆರೆದಿತ್ತು. ಹಾವಿನ ತಲೆಗಳ ಕಿರೀಟ ಕೆರೆದು ಬೋಳಾಗಿಯೇ ಬಿಟ್ಟಳು.

ನೋಡಲು ಬಂದ ಅಧಿಕಾರಿ ಮುಖ ಸಿಂಡರಿಸಿದ. "ಏನ್ರೀ ಇದು, ವೀರ ಸುಸ್ತಾಗಿದ್ದಾನೆ?"

ಏಣಿಯ ಮೇಲಿಂದ ಪೆರಿನ್ ಹೇಳಿದಳು, "ಇಪ್ಪತ್ತೆರಡು ವರ್ಷದಿಂದ ಗದೆ ಎತ್ಕೊಂಡೇ ನಿಂತಿದ್ದಾನೆ ಸ್ವಾಮಿ. ನೀವಾಗಿದ್ರೆ ಯಾವತ್ತೋ ಕೂತ್ಬಿಡ್ತಿದ್ರಿ."

ಅಧಿಕಾರಿ ನಗಲಿಲ್ಲ. ಚಿತ್ರ ಅರಮನೆಗೆ ಹೋಗದೆ ಉತ್ತರದ ಸಣ್ಣ ಊರೊಂದರ ಕಚೇರಿಯ ಮೆಟ್ಟಿಲ ಗೋಡೆ ಸೇರಿತು. ಕೆಳಗೆ ವೋದ್ರೆಯವರ ಹೆಸರಿತ್ತು. ಆ ಚಳಿಗಾಲದಲ್ಲೇ ಅವರು ತೀರಿಕೊಂಡರು. ಪೆರಿನ್ ಮತ್ತೆ ಕುಂಚ ಮುಟ್ಟಲಿಲ್ಲ.

ನಾಲ್ಕು ವರ್ಷದ ಮೇಲೆ, ನಾನು ಹೊಲಿದ ಕೈಚೀಲಗಳನ್ನು ಕೊಡಲು ಆ ಊರಿಗೆ ಹೋಗಬೇಕಾಯಿತು. ಅಕ್ಕನನ್ನೂ ಕರೆದೆ.

"ಅಷ್ಟು ದೂರ ಬಂಡೀಲಿ ಕುಲುಕಿಸ್ಕೊಂಡು ಹೋಗಿ ಆ ಹರ್ಕ್ಯುಲಿಸ್‌ನನ್ನೇ ನೋಡ್ಲಾ? ಅವನಿಗೂ ಸಾಕಾಗಿದೆ, ನಂಗೂ ಸಾಕಾಗಿದೆ. ನೀನು ಹೋಗು."

ಹೋದೆ. ಚಿತ್ರದ ಕೆಳಗೆ ಮೆಟ್ಟಿಲಲ್ಲಿ ಕೂತು ಗುಮಾಸ್ತನೊಬ್ಬ ಬ್ರೆಡ್ಡು, ಈರುಳ್ಳಿ ತಿನ್ನುತ್ತಿದ್ದ. ಮೇಲಿರುವುದು ಯಾರು ಎಂದು ಕೇಳಿದೆ. ಅವನು ಕತ್ತೆತ್ತಿ ನೋಡಿ, "ಗೊತ್ತಿಲ್ಲಮ್ಮ. ಯಾರೋ ಕೂಲಿಯವನ ಥರ ಇದ್ದಾನೆ, ಪಾಪ," ಎಂದ.

ಹಿಂದಿರುಗಿ ಬಂದಾಗ ಪೆರಿನ್ ಕಿಟಕಿಯ ಹತ್ತಿರ ಕೂತು ಎಡಗೈಯಲ್ಲಿ ಬಟಾಣಿ ಬಿಡಿಸುತ್ತಿದ್ದಳು. ಎಲ್ಲ ಹೇಳಿದೆ.

"ಗೋಡೆ ತೇವ ಇತ್ತಾ?"

"ಸ್ವಲ್ಪ ಇತ್ತಕ್ಕ."

"ಹಾಗಾದ್ರೆ ಬಣ್ಣ ಉದುರೋಕೆ ಇನ್ನು ಹತ್ತು ವರ್ಷ," ಎಂದು ಬಟ್ಟಲನ್ನು ನನ್ನ ಕಡೆ ತಳ್ಳಿದಳು. "ಇದನ್ನ ಮುಗಿಸ್ಕೊಡು, ಬೆರಳು ನೋಯ್ತಿದೆ."