ಹೊರಗಿನ ಬೆಂಚು

ಅವನ ಕೆಲಸ ಲಿಫ್ಟ್ ರಿಪೇರಿ. ಎತ್ತರದ ಕಟ್ಟಡಗಳ ಹೊಟ್ಟೆಯೊಳಗೆ, ಗ್ರೀಸು ಮೆತ್ತಿದ ಉಕ್ಕಿನ ಹಗ್ಗಗಳ ನಡುವೆ ಅರ್ಧ ಆಯುಷ್ಯ ಕಳೆದವನು. ಏನು ಕೇಳಿದರೂ ಮೊದಲು ಬಾಯಿಗೆ ಬರುವುದು "ಇಲ್ಲಪ್ಪ" ಎಂಬ ಮಾತೇ. ಟೀ ಬೇಕಾ ಎಂದರೆ ಇಲ್ಲಪ್ಪ ಎನ್ನುವನು, ಆಮೇಲೆ ಕುಡಿಯುವನು. ದೇವರಿದ್ದಾನಾ ಎಂದರೂ ಇಲ್ಲಪ್ಪ. ಆ ಉತ್ತರವನ್ನು ಮಾತ್ರ ಎಂದೂ ಬದಲಿಸಿದವನಲ್ಲ. ಜೊತೆಗಾರರು ಅವನನ್ನು ಇಲ್ಲಪ್ಪ ಎಂದೇ ಕರೆದರು, ಹೆಸರು ಅಂಟಿಕೊಂಡಿತು.

ಹೆಂಡತಿ ಹಾಗಲ್ಲ. ಬೀದಿಯ ತುದಿಯ ಪ್ರಾರ್ಥನಾ ಮಂದಿರಕ್ಕೆ ವಾರಕ್ಕೊಮ್ಮೆ ತಪ್ಪದೆ ಹೋಗುತ್ತಿದ್ದಳು. ಅವನು ಬಾಗಿಲವರೆಗೆ ಬಿಟ್ಟು, ಎದುರಿನ ಟೀ ಅಂಗಡಿಯಲ್ಲಿ ಪೇಪರು ಬಿಡಿಸಿಕೊಂಡು ಕೂರುತ್ತಿದ್ದ. ಮದುವೆಯಾದ ಹೊಸತರಲ್ಲಿ ಈ ವಿಷಯಕ್ಕೆ ಜಗಳವಾಡಿ, ಇಬ್ಬರೂ ಸುಸ್ತಾಗಿ ಕೈಬಿಟ್ಟಿದ್ದರು. ಮಕ್ಕಳಾಗಲಿಲ್ಲ. ಒಂದು ಬೆಳಿಗ್ಗೆ ಸೊಪ್ಪು ಸೋಸುತ್ತ ಕೂತವಳು ಹಾಗೇ ಗೋಡೆಗೆ ಒರಗಿದಳು. ಮತ್ತೆ ಏಳಲಿಲ್ಲ.

ನೆಂಟರೆಲ್ಲ ಹೊರಟ ಮೇಲೆ ಮನೆ ಬಿಕೋ ಎನ್ನತೊಡಗಿತು. ಆ ಸಂಜೆ ಬಾಗಿಲು ತಟ್ಟಿದವಳು ಬೇಕರಿ ಅಕ್ಕ. ಮುಖ್ಯರಸ್ತೆಯಲ್ಲಿ ಬೇಕರಿ ನಡೆಸುವ, ಮಂದಿರದ ಹೆಂಗಸರನ್ನೆಲ್ಲ ಗದರಿಸಿ ಸಾಕುವ ಹೆಂಗಸು. ಕೈಯಲ್ಲಿ ಊಟದ ಡಬ್ಬಿ.

"ಬೇಡಕ್ಕ. ನಾನು ನಿಮ್ಮ ಮಂದಿರದವನಲ್ಲ."

"ನಿಮಗೆ ಅಂತ ಯಾರು ತಂದ್ರು? ಅವಳ ಗಂಡ ಉಪವಾಸ ಇದ್ರೆ, ನಾಳೆ ನಾನು ಮೇಲೆ ಹೋದಾಗ ಅವಳಿಗೆ ಯಾವ ಮುಖ ತೋರಿಸ್ಲಿ?" ಎಂದು ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ ಹೊರಟೇಹೋದಳು.

ಮರುದಿನ ಇನ್ನೊಬ್ಬಳು ಬಂದಳು, ಅದರ ಮರುದಿನ ಮತ್ತೊಬ್ಬಳು. ಎಲ್ಲ ಸರದಿಯ ಪ್ರಕಾರ. ಯಾರೂ ಉಪದೇಶ ಮಾಡಲಿಲ್ಲ. ಖಾಲಿ ಡಬ್ಬಿಗಳನ್ನು ತೊಳೆದು ವಾಪಸು ಕೊಡಲೆಂದು ಅವನು ಮೊದಲ ಬಾರಿ ಮಂದಿರದ ಹೊಸ್ತಿಲು ದಾಟಿದ. ಪ್ರಾರ್ಥನೆ ನಡೆದಿತ್ತು. ಮುಗಿಯಲೆಂದು ಕೊನೆಯ ಸಾಲಿನಲ್ಲಿ ಕೂತ.

ಹಾಡು ಶುರುವಾಯಿತು. ಲಿಫ್ಟ್ ಕೆಟ್ಟಾಗಲೆಲ್ಲ ಅವನ ಮೇಲೆ ಹಾರಾಡುವ ಕಟ್ಟಡದ ಮಾಲೀಕ ಅಲ್ಲಿದ್ದ. ಅದೇ ಕಟ್ಟಡದ ಮೆಟ್ಟಿಲು ಗುಡಿಸುವ ಹೆಂಗಸೂ ಇದ್ದಳು. ಇಬ್ಬರೂ ಪಕ್ಕಪಕ್ಕ ನಿಂತು, ಒಂದೇ ಪುಸ್ತಕಕ್ಕೆ ತಲೆ ಬಗ್ಗಿಸಿ ಹಾಡುತ್ತಿದ್ದರು. ಅವರಿಬ್ಬರೂ ಲಿಫ್ಟಿನಲ್ಲಿ ಒಟ್ಟಿಗೆ ಹೋದದ್ದನ್ನು ಇಲ್ಲಪ್ಪ ಒಮ್ಮೆಯೂ ನೋಡಿರಲಿಲ್ಲ.

ಮುಂದಿನ ವಾರವೂ ಹೋದ. ಡಬ್ಬಿ ಕೊಡುವ ನೆಪ ಮುಗಿದ ಮೇಲೂ ಹೋದ. ಹಾಡುತ್ತಿರಲಿಲ್ಲ, ಕಣ್ಣು ಮುಚ್ಚುತ್ತಿರಲಿಲ್ಲ. ಅಲ್ಲಿ ಕೂತಾಗ ಮಾತ್ರ ಎದೆಯ ಭಾರ ನಾಲ್ಕು ಜನ ಹೊತ್ತಂತೆ ಹಗುರವಾಗುತ್ತಿತ್ತು.

ಅಷ್ಟರಲ್ಲಿ ಮಂದಿರಕ್ಕೆ ಹೊಸ ಅಧ್ಯಕ್ಷರು ಬಂದರು, ನಿವೃತ್ತ ಹೆಡ್‌ಮಾಸ್ತರು. ಕೆಟ್ಟವರಲ್ಲ, ಶಿಸ್ತಿನವರು. ಸಹಾಯಕ್ಕಾಗಿ ಬಂದು, ಸಿಕ್ಕ ಮೇಲೆ ನಾಪತ್ತೆಯಾಗುವವರನ್ನು ಕಂಡು ಬೇಸತ್ತಿದ್ದರು. ಬರುವವರೆಲ್ಲ ಎದ್ದು ನಿಂತು "ನಾನು ನಂಬುತ್ತೇನೆ" ಎಂದು ಎಲ್ಲರೆದುರು ಹೇಳಬೇಕೆಂದು ಗೊತ್ತುಮಾಡಿದರು. ಸಾಲಿನಿಂದ ಸಾಲಿಗೆ ಮಾತು ಹರಿದು ಕೊನೆಗೆ ಇಲ್ಲಪ್ಪನ ಬಳಿ ಬಂತು.

ಅವನು ಎದ್ದು ನಿಂತ. ಎರಡು ಪದ ಹೇಳಿದರೆ ಕೆಲಸ ಮುಗಿಯುತ್ತಿತ್ತು. "ಸುಳ್ಳು ಹೇಳಲಾರೆ ಸಾರ್. ನನಗೆ ನಂಬಿಕೆ ಇಲ್ಲ. ಇಲ್ಲಿ ಕೂತ್ಕೊಳ್ಳೋದು ಇಷ್ಟ, ಅಷ್ಟೇ."

"ಹಾಗಾದ್ರೆ ಹೊರಗೆ ಬೆಂಚಿದೆಯಪ್ಪ, ಅಲ್ಲಿ ಕೂತ್ಕೊಳ್ಳಿ," ಎಂದರು ಅಧ್ಯಕ್ಷರು, ಮೆತ್ತಗೆ.

ಬೇಕರಿ ಅಕ್ಕ ತನ್ನ ಪರ ನಿಲ್ಲುತ್ತಾಳೆಂದುಕೊಂಡಿದ್ದ. ಪ್ರಾರ್ಥನೆ ಮುಗಿದ ಮೇಲೆ ಅವಳು ಬೆಂಚಿನ ಹತ್ತಿರ ಬಂದು, "ಅವರು ಹೇಳಿದ್ದು ಸರಿನೇ ಕಣಪ್ಪ," ಎಂದಳು. "ನಂಬೋರ ನಡುವೆ ನಂಬದೋರು ಕೂತ್ರೆ ನನಗೂ ಒಂಥರಾ ಆಗುತ್ತೆ. ಊಟ ಬೇಕಾದ್ರೆ ಕೇಳಿ." ಆ ಮಾತು ಚುಚ್ಚಿತು. ಆದರೂ ಬೆಂಚು ಬಿಡಲಿಲ್ಲ. ಗೋಡೆಯಾಚೆಯಿಂದಲೂ ಹಾಡು ಕೇಳುತ್ತಿತ್ತಲ್ಲ.

ಆ ವರ್ಷವೇ ಅವನು ಕೆಲಸ ಮಾಡುತ್ತಿದ್ದ ಕಟ್ಟಡವೊಂದರ ವಾಚ್‌ಮನ್ನನ ಹೆಂಡತಿ ತೀರಿಕೊಂಡಳು. ಬೇರೆ ಊರಿಂದ ಹೊಟ್ಟೆಪಾಡಿಗೆ ಬಂದವನು, ಯಾವ ಮಂದಿರಕ್ಕೂ ಸೇರಿದವನಲ್ಲ. ಎರಡು ಸಣ್ಣ ಹೆಣ್ಣುಮಕ್ಕಳು. ಅವನ ಬಾಗಿಲಿಗೆ ಯಾರೂ ಡಬ್ಬಿ ತರಲಿಲ್ಲ. ಇಲ್ಲಪ್ಪ ತನಗೆ ಬಂದಷ್ಟು ಅಡುಗೆ ಮಾಡಿ ಒಯ್ದ. ಲಿಫ್ಟ್ ಕೆಲಸದ ಜೊತೆಗಾರರಿಗೂ ಸರದಿ ಹಚ್ಚಿದ. ಎಲ್ಲರೂ ಒಳ್ಳೆಯವರೇ, ಆದರೆ ಒಬ್ಬನಿಗೆ ಮರೆತುಹೋಯಿತು, ಇನ್ನೊಬ್ಬನಿಗೆ ಡ್ಯೂಟಿ ಬದಲಾಯಿತು. ವಾರ ವಾರ ಮುಖ ನೋಡಿ "ಯಾಕೆ ಹೋಗ್ಲಿಲ್ಲ?" ಎಂದು ಕೇಳುವವರಿಲ್ಲದೆ ಸರದಿ ತಿಂಗಳೊಳಗೆ ನೀರಿಗೆ ಬಿದ್ದ ಕಾಗದದಂತೆ ಕರಗಿತು.

ಕೊನೆಗೆ ಬೇಕರಿಗೇ ಹೋಗಿ ನಿಂತ. ವಿಷಯ ಕೇಳಿ ಅಕ್ಕ ಕೈಯ ಹಿಟ್ಟು ಒರೆಸಿಕೊಂಡಳು. "ಅವನು ನಮ್ಮವನಲ್ವಲ್ಲಪ್ಪ."

"ನಾನೂ ಅಲ್ವಲ್ಲಕ್ಕ."

"ನಿಮ್ಮ ಹೆಂಡತಿ ನಮ್ಮವಳು."

"ಅವಳಿದ್ದಿದ್ರೆ ಆ ಮಕ್ಕಳ ಹತ್ರ ಹೋಗ್ತಿರ್ಲಿಲ್ವಾ?"

ಅಕ್ಕ ಕಪಾಟಿನಿಂದ ಖಾಲಿ ಡಬ್ಬಿಯೊಂದನ್ನು ಇಳಿಸಿದಳು. "ಹೋಗ್ತಿದ್ಲು. ನನ್ನನ್ನೂ ಎಳ್ಕೊಂಡು ಹೋಗ್ತಿದ್ಲು," ಎಂದಳು.

ಮರುದಿನದಿಂದ ವಾಚ್‌ಮನ್ನನ ಮನೆಗೂ ಸರದಿಯ ಡಬ್ಬಿ ಹೋಗತೊಡಗಿತು. ಮಂದಿರದಲ್ಲಿ ಗೊಣಗಾಟವಾಯಿತು. ಕೆಲವರು ಸರದಿಯಿಂದ ಹಿಂದೆ ಸರಿದರು. ಅವರ ಪಾಲನ್ನೂ ಅಕ್ಕನೇ ಹೊತ್ತಳು. ಅಧ್ಯಕ್ಷರು ನೋಡಿಯೂ ನೋಡದವರಂತಿದ್ದರು. ವಾಚ್‌ಮನ್ ಡಬ್ಬಿ ವಾಪಸು ಕೊಡಲು ಬರುತ್ತ, ಇಲ್ಲಪ್ಪನ ಜೊತೆ ಬೆಂಚಿನ ಮೇಲೆ ಕೂರತೊಡಗಿದ. ಮಕ್ಕಳು ಒಳಗೆ ಓಡಿಹೋಗಿ ಹಾಡು ಕಲಿತವು.

ಒಂದು ದಿನ ವಾಚ್‌ಮನ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಕೂರಲಿಲ್ಲ. "ಅಣ್ಣಾ, ಇವತ್ತು ಒಳಗೆ ಹೋಗಿ ಆ ಮಾತು ಹೇಳೋಣ ಅಂತಿದ್ದೀನಿ. ನಿಮಗೆ ಬೇಜಾರಿಲ್ಲ ತಾನೇ?"

ಇಲ್ಲಪ್ಪನಿಗೆ ಒಳಗೊಳಗೇ ಕಸಿವಿಸಿಯಾಯಿತು. ಬೆಂಚಿನ ಮೇಲೆ ಮತ್ತೆ ಒಬ್ಬನೇ ಆಗುತ್ತಾನಲ್ಲ. "ನಿಜವಾಗ್ಲೂ ನಂಬಿಕೆ ಬಂದಿದ್ರೆ ಹೋಗೋ. ಊಟದ ಋಣಕ್ಕೆ ಹೋಗ್ಬೇಡ."

"ಋಣಕ್ಕಲ್ಲಣ್ಣ. ಆದ್ರೆ ನಂಬಿಕೆ ಬಂದಿದ್ದು ಊಟದಿಂದಾನೇ. ನನ್ನ ಮಕ್ಕಳು ಹಸಿದಿದ್ದು ಮೇಲೆ ಯಾರಿಗೋ ಗೊತ್ತಾಗಿತ್ತು ಅನ್ಸಿತು."

ಗೊತ್ತಾಗಿದ್ದು ನನಗೆ ಕಣೋ ಎಂಬ ಮಾತು ಇಲ್ಲಪ್ಪನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ವಾಚ್‌ಮನ್ನನ ಮಡಚಿಕೊಂಡಿದ್ದ ಕಾಲರನ್ನು ಸರಿಮಾಡಿ, ಬೆನ್ನು ತಟ್ಟಿ ಒಳಗೆ ಕಳಿಸಿದ.